ತಲೆ ಕಡೆ ನಿಂತಾಕಿ

"ದೊಡ್ಡವ್ವ, ಈಗ ನೀನೇ ಪ್ರಿನ್ಸಿಪಾಲ್ ಮೇಡಂ. ನೆಟ್ಟಗ ಕುಂದ್ರು, ನಗಬ್ಯಾಡ. ಯಾವ ಮೇಡಂ ಬಾಯಾಗ ಎಲಿ ಅಡಿಕಿ ಇಟ್ಕೊಂಡು ಕುಂದ್ರತಾಳ? ಉಗುಳಿ ಬಾ. ಹೂಂ, ಈಗ ಕೇಳು, ನೀನೊಬ್ಬಾಕಿನೇ ನಿಭಾಯಿಸಿದ ಕಷ್ಟದ ಕೇಸು ಒಂದು ಹೇಳಮ್ಮಾ ಅಂತ. ನಾ ಹೇಳ್ತೀನಿ. ಮೇಡಂ, ಬುಕ್ಕಸಾಗರದ ಒಬ್ಬ ಹೆಣ್ಮಗಳು. ಸಿಸೇರಿಯನ್. ಬೆನ್ನಿಗೆ ಅರಿವಳಿಕೆ ಸೂಜಿ ಕೊಟ್ಟಾಗಿತ್ತು, ಕೂಸು ಹೊರಗ ಬಂದಿತ್ತು, ಸರ್ಜನ್ ಹೊಲಿಗಿ ಹಾಕಾಕತ್ತಿದ್ರು. ನಾನು ಆಕಿ ತಲಿ ಕಡೆ ನಿಂತಿದ್ದೆ. 'ಅಕ್ಕಾ, ಎದಿ ಮ್ಯಾಲೆ ಕಲ್ಲು ಇಟ್ಟಂಗ ಆಗತೈತಿ' ಅಂದ್ಲು. ಆಮ್ಯಾಲೆ ಮಾತೇ ನಿಂತು ಹೋತು. ನಾನು ನೋಡಿದೆ, ಬಿ.ಪಿ. ಇಳಿಯಾಕತ್ತಿತ್ತು, ಉಸಿರು ಸಣ್ಣ ಆಗಿತ್ತು. ನಾನು ಮಾಸ್ಕ್ ಒತ್ತಿ ಹಿಡ್ದು ಗಾಳಿ ಚೀಲ ಒತ್ತಿ ಉಸಿರು ಕೊಟ್ಟೆ. ಸಲೈನ್ ಜೋರ್ ಬಿಡು, ಕಾಲು ಮ್ಯಾಲೆತ್ತು ಅಂತ ಆಯಾಗ ನಾನೇ ಹೇಳ್ದೆ. ಫೋನ್ ಸ್ಪೀಕರಿಗೆ ಹಾಕಿಸಿ, ಅರಿವಳಿಕೆ ಡಾಕ್ಟ್ರು ಹೇಳಿದ ಇಂಜೆಕ್ಷನ್ ನಾನೇ ಕೊಟ್ಟೆ. ಆಕಿ ಕಣ್ಣು ತೆರೆದು 'ಕೂಸೆಲ್ಲಿ' ಅಂತ ಕೇಳೋ ತನಕ ನಾನು ಚೀಲ ಬಿಡಲಿಲ್ಲ. ನೋಡ್ದೇನು ದೊಡ್ಡವ್ವ, ಎಷ್ಟು ಸಲ ನಾನು ಅಂದೆ? ಹಂಗೇ ಅನ್ನಬೇಕಂತ. ನಮ್ಮ ಕಡೆ ಹುಡುಗ್ಯಾರು ಡಾಕ್ಟ್ರು ಮಾಡಿದ್ರು, ನಾವು ಜೊತಿಗಿದ್ವಿ ಅಂತಾರ. ಅದಕ್ಕ ಸೀಟು ಸಿಗಂಗಿಲ್ಲಂತ."

ಇದು ನನ್ನ ತಂಗಿ ಮಗಳು ತ್ರಿವೇಣಿಯ ಮಾತು. ಹೊಸಪೇಟೆಯ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ, ನಾನು ರೊಟ್ಟಿ ಬಡಿಯುವಾಗ, ಬೇಸಿಗೆಯೆಲ್ಲ ದಿನಾ ಬೆಳಿಗ್ಗೆ ಇದನ್ನೇ ಹೇಳುತ್ತಿದ್ದಳು. ಆಕೆಯ ಊರು ಕಂಪ್ಲಿ. ಅಪ್ಪ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು. ನರ್ಸಿಂಗ್ ಕಲಿತ ಮೇಲೆ ಇಲ್ಲಿಯ ಒಂದು ನರ್ಸಿಂಗ್ ಹೋಮಿಗೆ ಸೇರಿ ನನ್ನ ಜೊತೆಗೇ ಉಳಿದಳು. ಮದುವೆಯ ಮಾತು ತೆಗೆದಾಗಲೆಲ್ಲ "ಆ ಕೋರ್ಸು ಮುಗೀಲಿ ತಡೀರಿ" ಅನ್ನುತ್ತಿದ್ದಳು. ಮುಗಿಯುವುದಿರಲಿ, ಕೋರ್ಸು ಶುರುವಾಗಲೇ ಇಲ್ಲ.

ಆಪರೇಷನ್ನಿಗೆ ಮುಂಚೆ ರೋಗಿಗೆ ನೋವು ಗೊತ್ತಾಗದಂತೆ ಮತ್ತು ಬರಿಸುತ್ತಾರಲ್ಲ, ಆ ಕೆಲಸವನ್ನು ನರ್ಸುಗಳಿಗೆ ಕಲಿಸುವ ಕೋರ್ಸು ಅದು. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಇತ್ತು. ಕರೆದು, ಕೂರಿಸಿ, ಮಾತಾಡಿಸಿ ಆರಿಸುತ್ತಾರೆ. ಹಿಂದೆ ಎರಡು ಸಲ ಕರೆದು ಕೈಬಿಟ್ಟಿದ್ದರು. ಈ ಸಲವೂ ಆಗದಿದ್ದರೆ ವಯಸ್ಸು ದಾಟುತ್ತದೆ, ಇನ್ನು ಅರ್ಜಿ ಹಾಕುವ ಹಾಗೇ ಇಲ್ಲ.

ಪಕ್ಕದ ಮನೆಯ ತಿಪ್ಪಕ್ಕ ಬಾಗಿಲಿಗೆ ಬಂದು ಚೇಷ್ಟೆ ಮಾಡುತ್ತಿದ್ದಳು. "ಮತ್ತು ಬರಿಸಾಕ ಕಾಲೇಜು ಬೇಕೇನಲೇ ತ್ರಿವೇಣಿ? ನಮ್ಮ ಮನಿಯವ್ರನ್ನ ಕೇಳು, ಬಸ್ ಸ್ಟ್ಯಾಂಡ್ ಹಿಂದ ಹೋಗಿ ಯಾವ ಇಂಟರ್ವ್ಯೂನೂ ಇಲ್ದಂಗ ಮತ್ತಾಗಿ ಬರ್ತಾರ."

"ಅವ್ರನ್ನ ಎಬ್ಬಸಾಕ ಬರತೈತೇನು ನಿನಗ? ಎಬ್ಬಸೋದೇ ಕಷ್ಟ ತಿಪ್ಪಕ್ಕ, ಅದನ್ನ ಕಲಿಯಾಕ ಹೊಂಟೀನಿ."

"ಎಬ್ಬಸಬ್ಯಾಡಬೇ, ಮಲಗಿದ್ರೇ ಮನಿ ತಣ್ಣಗಿರತೈತಿ!"

ತ್ರಿವೇಣಿ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿಯೂ ಒಪ್ಪಿಸುತ್ತಿದ್ದಳು. ನನಗೆ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೆ ದನಿ ಎಲ್ಲಿ ಅಳುಕಿತು, ಎಲ್ಲಿ ಉಗುಳು ನುಂಗಿದಳು ಅನ್ನುವುದು ಕಿವಿಗೆ ಗೊತ್ತಾಗುತ್ತದೆ. "ಇಲ್ಲಿ ಹೆದರಿದಿ ನೋಡು" ಅನ್ನುತ್ತಿದ್ದೆ. ಅಲ್ಲಿಂದಲೇ ಮತ್ತೆ ಹೇಳುತ್ತಿದ್ದಳು. ಕೊನೆ ಕೊನೆಗೆ ಎಲ್ಲಿಯೂ ಅಳುಕಲಿಲ್ಲ.

ಒಂದು ಸಂಗತಿ ಮಾತ್ರ ಇಲ್ಲೇ ಹೇಳಿಬಿಡಬೇಕು. ಆಕೆಯ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆಗೆ ಅಂತಲೇ ಒಬ್ಬ ಡಾಕ್ಟರು ಇಲ್ಲ. ಡಾಕ್ಟರ್ ಮುರುಗೇಶ್ ಎಂಬುವರು ಕಾರಿನಲ್ಲಿ ಬರುತ್ತಾರೆ. ಬೆಳಿಗ್ಗೆ ಇಲ್ಲಿ, ಆಮೇಲೆ ಇನ್ನೊಂದು ಕಡೆ, ಮಧ್ಯಾಹ್ನ ಸಂಡೂರು. ಸೂಜಿ ಕೊಟ್ಟು, ಸ್ವಲ್ಪ ಹೊತ್ತು ನೋಡಿ, "ತ್ರಿವೇಣಿ, ನೋಡ್ಕೋಮ್ಮ" ಅಂತ ಹೊರಟುಬಿಡುತ್ತಾರೆ. ಆಪರೇಷನ್ ಮುಗಿಯುವ ತನಕ ಅವರು ಅಲ್ಲೇ ಇರಬೇಕಂತೆ. ಇರುವುದಿಲ್ಲ ಅನ್ನುವುದು ಅಲ್ಲಿಯ ಆಯಾಗೂ ಗೊತ್ತು. ಯಾರಾದರೂ ಕೇಳಿದರೆ "ಸರ್ ಇದ್ರು" ಅನ್ನುವುದು ಅಲ್ಲಿಯ ರೂಢಿ. ಅವರು ಬೈಯುವ ಮನುಷ್ಯರಲ್ಲ, ತ್ರಿವೇಣಿಗೆ ಎಷ್ಟೋ ಕೆಲಸ ಕಲಿಸಿದವರೂ ಅವರೇ, ನನ್ನ ಮಂಡಿ ನೋವಿಗೆ ಮಾತ್ರೆ ಬರೆದುಕೊಟ್ಟವರೂ ಅವರೇ. ಬುಕ್ಕಸಾಗರದ ಹೆಣ್ಣುಮಗಳ ಉಸಿರು ಇಳಿದಾಗ ಅವರು ಬೇರೆ ನರ್ಸಿಂಗ್ ಹೋಮಿನಲ್ಲಿದ್ದರು.

ಕರೆದ ದಿನ ಇಬ್ಬರೂ ಬಸ್ಸಿನಲ್ಲಿ ಬಳ್ಳಾರಿಗೆ ಹೋದೆವು. ತಿಳಿ ನೀಲಿ ಸೀರೆ ಉಟ್ಟಿದ್ದಳು, ಸೆರಗಿಗೆ ಪಿನ್ನು ನಾನೇ ಹಾಕಿದ್ದೆ. ಹೆಸರು ಕೂಗಿದಾಗ ನನ್ನ ಕೈ ಒಮ್ಮೆ ಒತ್ತಿ ಒಳಗೆ ಹೋದಳು. ಬಾಗಿಲಿಗೆ ಪರದೆ ಮಾತ್ರ ಇತ್ತು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಕಿವಿಗೊಟ್ಟೆ. ಮೊದಲು ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಚೆನ್ನಾಗಿಯೇ ಹೇಳಿದಳು. ಆಮೇಲೆ ಒಬ್ಬ ಹೆಂಗಸಿನ ದನಿ, "ಕನ್ನಡದಲ್ಲೇ ಹೇಳಮ್ಮ, ಪರವಾಗಿಲ್ಲ. ನೀವೊಬ್ಬರೇ ನಿಭಾಯಿಸಿದ ಒಂದು ಕಷ್ಟದ ಕೇಸ್ ಹೇಳಿ."

ನಾನು ಬೆಂಚಿನ ತುದಿಗೆ ಸರಿದೆ.

"ಮೇಡಂ, ಬುಕ್ಕಸಾಗರದ ಒಬ್ಬ ಹೆಣ್ಮಗಳು. ಸಿಸೇರಿಯನ್. ನಾನು..."

ಅಷ್ಟಕ್ಕೇ ನಿಂತಳು. ಮನೆಯಲ್ಲಿ ಒಂದು ಸಲವೂ ನಿಲ್ಲದಿದ್ದ ಜಾಗ ಅದು.

"ಹೇಳಿ, ನೀವು?"

"ನಾನು ತಲಿ ಕಡೆ ನಿಂತಿದ್ದೆ ಮೇಡಂ. ಪೇಷೆಂಟಿಗೆ ಉಸಿರಾಟದ ತೊಂದ್ರಿ ಆತು. ಸರ್ ಇದ್ರು. ಸರ್ ನೋಡ್ಕೊಂಡ್ರು."

"ಸರ್ ಅಂದರೆ? ಅರಿವಳಿಕೆ ಡಾಕ್ಟರು ಅಲ್ಲೇ ಇದ್ದರಾ?"

ಆಗ ಎಲ್ಲೋ ಕೇಳಿದ್ದ ಗಂಡಸಿನ ದನಿ, "ಹೂಂ ಮೇಡಂ, ಅದು ನನ್ನ ಕೇಸೇ. ನಾನಿದ್ದೆ."

"ಓ, ನಿಮ್ಮದಾ ಸರ್? ಹಾಗಾದರೆ ಇವರು ತಾವೇ ನಿಭಾಯಿಸಿದ್ದು ಅಂತ ಏನೂ ಇಲ್ಲ."

ಪರದೆಯಾಚೆ ಕಾಗದ ತಿರುವುವ ಸದ್ದು ಮಾತ್ರ ಕೇಳಿತು.

ತ್ರಿವೇಣಿ ಹೊರಗೆ ಬಂದಳು. ಚಹಾ ಕುಡಿಯುವ ಹೊತ್ತಾಗಿತ್ತೇನೋ, ಹಿಂದೆಯೇ ಅವರೆಲ್ಲ ಎದ್ದು ಬಂದರು. ಒಳಗೆ ಕೇಳಿದ ಆ ಗಂಡಸಿನ ದನಿ ಡಾಕ್ಟರ್ ಮುರುಗೇಶ್ ಅವರದು. ನನ್ನನ್ನು ಗುರುತು ಹಿಡಿದು, "ಏನಮ್ಮ, ನೀವೂ ಬಂದೀರಾ? ಮಂಡಿ ನೋವು ಹೆಂಗೈತಿ?" ಅಂದರು. ನಾನು ಎದ್ದು ನಿಂತು ಕೈ ಮುಗಿದೆ. "ಆರಾಮ ಐತ್ರಿ ಸಾಹೇಬ್ರ" ಅಂದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಕೇಳದಿದ್ದರೆ ತಾನಾಗಿಯೇ ಹೇಳುತ್ತಾಳೆ ಅಂತ ಗೊತ್ತು. ಅರ್ಧ ದಾರಿ ಕಳೆದ ಮೇಲೆ ಹೇಳಿದಳು.

"ಇಂಟರ್ವ್ಯೂ ಮಾಡಾಕ ಹೊರಗಿನ ಡಾಕ್ಟ್ರು ಒಬ್ಬರು ಬರ್ತಾರ ಅಂತ ಗೊತ್ತಿತ್ತು ದೊಡ್ಡವ್ವ. ಇವ್ರೇ ಅಂತ ಗೊತ್ತಿರಲಿಲ್ಲ. ಎದುರಿಗೇ ಕುಂತಾರ. ನಾನೊಬ್ಬಾಕಿನೇ ಇದ್ದೆ ಅಂದ್ರೆ, ಹಂಗಾದ್ರ ಇವ್ರು ಎಲ್ಲಿದ್ರು ಅಂತ ಮೇಡಂ ಕೇಳ್ತಾರ. ಹೆಂಗ ಹೇಳ್ಲಿ?"

"ನೀ ಹೇಳಬ್ಯಾಡ. ಅವ್ರಾದ್ರೂ ಹೇಳಬೋದಿತ್ತು. ಈ ಹುಡುಗಿ ಭಾಳ ಚಲೋ ಕೆಲಸ ಮಾಡ್ಯಾಳ ಅಂತ ಒಂದು ಮಾತು. ಅಷ್ಟಕ್ಕ ಅವ್ರ ಗಂಟೇನು ಹೋಗ್ತಿತ್ತು?"

"ಅದನ್ನೇ ಕಾಯ್ಕೊಂತ ನಿಂತೆ. ಕಾಗದ ತಿರುವಿ ಹಾಕ್ಕೊಂತ ಕುಂತ್ರು."

"ಬ್ಯಾರೆ ಕೇಸ್ ಹೇಳಬೇಕಿತ್ತವ್ವ."

"ಯಾವುದು ಹೇಳ್ಲಿ? ಎಲ್ಲಾವೂ ಅವ್ರವೇ."

ವಾರ ಕಳೆದ ಮೇಲೆ ಕಾಲೇಜಿಗೆ ಫೋನು ಮಾಡಿ ಕೇಳಿದಳು. ಸ್ವಂತವಾಗಿ ಮಾಡಿದ ಅನುಭವ ಸಾಲದು ಅಂದರಂತೆ. ಕಂಪ್ಲಿಯಿಂದ ನನ್ನ ತಂಗಿ ಫೋನಿನಲ್ಲಿ ಅತ್ತಳು. "ನಾನೇ ಹೇಳಿದ್ದೆ, ಆವಾಗ್ಲೇ ಲಗ್ನ ಮಾಡ್ಕೋ ಅಂತ" ಅಂದಳು. ತ್ರಿವೇಣಿ ಅದಕ್ಕೂ ಹೂಂ ಅಂದಳು.

ಫೋನು ಮಾಡಿದ ಮರುದಿನ ಡ್ಯೂಟಿಯಿಂದ ಬಂದವಳು ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲ ಹತ್ತಿರ ಕುಳಿತಳು.

"ಇವತ್ತು ಸರ್ ಬಂದಿದ್ರು. ಮರಿಯಮ್ಮನಹಳ್ಳಿ ಲಾರಿ ಡ್ರೈವರ್ ಒಬ್ಬನ ಕಾಲು ಮುರಿದಿತ್ತು. ನನ್ನ ನೋಡಿ, 'ನೀ ಭಾಳ ಜಾಣಿ ಬಿಡು, ಮಾನ ಉಳಿಸಿದಿ' ಅಂದ್ರು. ಡ್ರೈವರ್‌ಗೆ ಸೂಜಿ ಕೊಟ್ರು. ಆಮ್ಯಾಲೆ ಸಂಡೂರಿಗೆ ತಡ ಆತು ಅಂತ ಕಾರಿನ ಕೀಲಿ ತಗೊಂಡು ಹೋದ್ರು."

"ಮತ್ತ ನೀನು? ನಾನೂ ಹೊಂಟೆ ಅನ್ನಬೇಕಿತ್ತಿಲ್ಲೋ!"

"ಅಂದು ಎಲ್ಲಿ ಹೋಗ್ಲಿ? ಆ ಡ್ರೈವರ್ ನನ್ನ ಕೈ ಹಿಡ್ಕೊಂಡಿದ್ದ. ಅವನೇನು ತಪ್ಪು ಮಾಡ್ಯಾನ ದೊಡ್ಡವ್ವ? ಮುಗಿಯೋ ತನಕ ನಿಂತೆ."

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದೆ, ಕಲ್ಲು ಭಾಳ ಇದ್ದವು. ಆಕೆ ಮುಂದೆ ಸರಿದು ಮೊರ ತನ್ನ ಕಡೆಗೆ ಎಳೆದುಕೊಂಡಳು. ಅಂಗೈಯಿಂದ ಅಕ್ಕಿ ಹರವಿ, ಒಂದೊಂದೇ ಕಲ್ಲು ಹೆಕ್ಕಿ ಹೊರಗೆ ಎಸೆಯತೊಡಗಿದಳು. ನಾನು ಒಲೆಯ ಮೇಲೆ ಎಸರಿಗೆ ನೀರಿಟ್ಟೆ.