ಎರಡನೇ ಕೂಗಿನ ನಂತರ

ನನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಹೇಳಿ ನಾನು ಸೋತು ಸುಣ್ಣವಾಗಿದ್ದೆ. ಸಿನಿಮಾ ಸಂಗೀತವೆಂದರೆ ಹಾಡು, ಹಾಡೆಂದರೆ ಮದುವೆ ಮನೆಯ ಮೈಕಿನಲ್ಲಿ ಕೇಳಬೇಕು. ಇಷ್ಟೇ ಅಪ್ಪನ ಶಾಸ್ತ್ರ. ನಾನೋ ಹಾಡು ಮಾಡುವವಳೇ ಅಲ್ಲ. ಪಾತ್ರಗಳು ನಡೆಯುವಾಗ, ಸುಮ್ಮನೆ ಕೂತಾಗ, ಮಾತಿನ ಅಡಿಯಲ್ಲಿ ಮೆಲ್ಲಗೆ ಬರುವ ಹಿನ್ನೆಲೆ ಸಂಗೀತ ನನ್ನದು.

“ಅವ್ರು ಮಾತಾಡ್ಲಿಕ್ಕತ್ತಾಗ ನಡುವ ನೀ ಯಾಕ ಬಾಜಾ ಬಾರಸ್ತಿ? ಸುಮ್ ಕೂಡ್ಲಿಕ್ಕ ಆಗಲ್ಲೇನು?” ಎಂದು ಒಮ್ಮೆ ಕೇಳಿದ್ದರು. ಸುಮ್ಮನಿರುವುದರ ಬಗ್ಗೆ ಅಪ್ಪ ಉಪದೇಶ ಮಾಡಿದ್ದು ಅದೊಂದೇ ಸಲ.

ಯಾಕೆಂದರೆ ಅವರ ಕಸುಬೇ ಕೂಗುವುದು. ಬೀದರಿನ ಗಾಂಧಿ ಗಂಜ್ ಎಂಬ ಕಾಳಿನ ಮಾರುಕಟ್ಟೆಯಲ್ಲಿ ತೊಗರಿ, ಉದ್ದು, ಹೆಸರಿನ ರಾಶಿಗಳ ಮುಂದೆ ನಿಂತು ಹರಾಜಿನ ಸವಾಲು ಕೂಗುತ್ತಿದ್ದರು. “ಏಕ್ ಬಾರ್... ದೋ ಬಾರ್...” ಎರಡನೇ ಕೂಗಿಗೆ ನಿಲ್ಲಿಸುತ್ತಿದ್ದರು. ಬಾಯಿ ಅರ್ಧ ತೆರೆದೇ ಇರುತ್ತಿತ್ತು, ಕಣ್ಣು ಒಬ್ಬೊಬ್ಬ ವ್ಯಾಪಾರಿಯ ಮುಖ ನೋಡಿ ಬರುತ್ತಿತ್ತು. ಹಮಾಲರು ಕೂಡ ಚೀಲ ಎತ್ತದೆ ನಿಲ್ಲುತ್ತಿದ್ದರು. ಯಾರಾದರೂ ಬೆಲೆ ಏರಿಸಿದರೆ ಮತ್ತೆ ಮೊದಲಿನಿಂದ, ಇಲ್ಲವಾದರೆ “ತೀನ್ ಬಾರ್!” ಎಂದು ಗುಡುಗಿ ಮಾಲು ಮುಗಿಸುತ್ತಿದ್ದರು. ಶಾಲೆಯ ರಜೆಯಲ್ಲಿ ಊಟದ ಡಬ್ಬಿ ಒಯ್ದಾಗಲೆಲ್ಲ ಇದನ್ನು ಕೇಳಿದ್ದೇನೆ. ಆಗ ನನಗಿದ್ದ ಚಿಂತೆ, ಪಲ್ಯ ಆರುತ್ತದಲ್ಲ ಎಂಬುದೊಂದೇ.

ಕಳೆದ ವರ್ಷ ನಾನು ಸಂಗೀತ ಮಾಡಿದ ಸಿನಿಮಾ ಬೀದರಿಗೆ ಬಂತು. ಇದಕ್ಕೂ ಮೊದಲಿನವು ಇಲ್ಲಿಯತನಕ ಬಂದಿರಲಿಲ್ಲ. ಅಪ್ಪ ಒಂದೇ ಒಂದು ಸಲ ನನ್ನ ಸಂಗೀತ ಕೇಳಲಿ ಎಂದು ನನಗೆ ತಡೆಯಲಾಗದ ಆಸೆ. ಹೊಗಳುವುದು ಬೇಡ, ಕಿವಿಗೆ ಬಿದ್ದರೆ ಸಾಕು. ಔರಾದದಿಂದ ಸೋದರತ್ತೆಯೂ ಚೀಲದ ತುಂಬ ಶೇಂಗಾ ಹೊತ್ತು ಬಸ್ಸಿನಲ್ಲಿ ಬಂದಳು.

ಸಿನಿಮಾ ಶುರುವಾಯಿತು, ಅಪ್ಪನ ತನಿಖೆಯೂ ಶುರುವಾಯಿತು.

“ಇದು ನಿಂದಾ?”

“ಇಲ್ಲಪ್ಪ, ಅದು ಲಾರಿ ಹಾರ್ನ್.”

“ಹಂಗಾದ್ರ ಇದು?”

“ಅದು ಅತ್ತಿ ಶೇಂಗಾ ಸುಲಿಯೋ ಸಪ್ಪಳ.”

ನನ್ನದು ಬಂದಾಗಲೆಲ್ಲ ಅಪ್ಪ ಕೇಳುತ್ತಲೇ ಇರಲಿಲ್ಲ. ಮಧ್ಯಂತರದ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

ಆಮೇಲೆ ಭಾಲ್ಕಿ ಸ್ಟೇಷನ್ನಿನಲ್ಲಿ ತೆಗೆದ ದೃಶ್ಯ. ಮುನಿಸಿಕೊಂಡು ಹೋದ ಮಗಳು ಈ ರೈಲಿಗೆ ಬರಬಹುದು ಎಂದು ತಾಯಿ ಕಾಯುತ್ತಾಳೆ. ಜನ ಇಳಿಯುತ್ತಾರೆ. ಸಾರಂಗಿಯ ಒಂದು ಸಣ್ಣ ಎಳೆ. ಅದೇ ಇನ್ನೊಮ್ಮೆ, ತುಸು ಮೇಲಿನ ಸ್ವರದಲ್ಲಿ. ಅನಂತರ ಏನೂ ಇಲ್ಲ, ತಾಯಿಯ ಮುಖ ಮಾತ್ರ. ಆ ಖಾಲಿ ಜಾಗಕ್ಕಾಗಿ ನಿರ್ದೇಶಕರ ಜೊತೆ ಜಗಳವನ್ನೇ ಆಡಿದ್ದೆ. “ಸ್ಪೀಕರ್ ಕೆಟ್ಟಿದೆ ಅಂದ್ಕೊಳ್ತಾರೆ ಜನ” ಎಂದಿದ್ದರು. ಹೀಗೇ ಇರಬೇಕೆಂದು ಹಟ ಹಿಡಿದೆನೇ ಹೊರತು, ಯಾಕೆಂದು ಹೇಳಲು ನನಗೂ ಬಂದಿರಲಿಲ್ಲ.

ಅತ್ತೆಯ ಕೈಯಲ್ಲಿ ಶೇಂಗಾ ಸುಲಿಯದೆ ಉಳಿಯಿತು. ಸಾರಂಗಿ ಒಮ್ಮೆ ಬಂತು, ಇನ್ನೊಮ್ಮೆ ಬಂತು, ನಿಂತಿತು. ಇಡೀ ಥೇಟರಿನಲ್ಲಿ ಯಾರೂ ಮಿಸುಕಲಿಲ್ಲ.

“ತೀನ್ ಬಾರ್!”

ಅಪ್ಪ! ಅದೂ ಗಂಜಿನ ಪೂರ್ತಿ ಗಂಟಲಿನಲ್ಲಿ.

ಥೇಟರಿಗೆ ಥೇಟರೇ ನಕ್ಕಿತು. “ಮಾಲ್ ಯಾರಿಗಿ ಹೋಯ್ತ್ರಿ?” ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಸೀಟಿನಲ್ಲಿ ಮುದುಡಿದರು.

“ತಪ್ಪಾತವ್ವಾ. ಎರಡು ಆಗಿದ್ವಲ್ಲ, ಬಾಯಿ ತಡೀಲಿಲ್ಲ. ಅದು... ಅದು ನಿಂದಾ?”

“ನಿಂದೇ ಅಪ್ಪ” ಎಂದೆ. ಅದು ನನಗೂ ತಿಳಿದದ್ದು ಆಗಲೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗುವಿನದೇ ಎಂದು ಹೇಳಲಾರೆ. ಪರದೆಯ ಮೇಲೆ ಮಗಳು ಇಳಿದಳು. ನಾವಿಬ್ಬರೂ ಅದನ್ನು ನೋಡಲೇ ಇಲ್ಲ.

ಮಾರನೇ ದಿನ ಅತ್ತೆಯನ್ನು ಔರಾದದ ಬಸ್ಸಿಗೆ ಹತ್ತಿಸಲು ಹೋದೆವು. ಅವಳು ಆಗಲೇ ಪಕ್ಕದ ಸೀಟಿನವನಿಗೆ ನನ್ನ ಸುದ್ದಿ ಮುಟ್ಟಿಸಿದ್ದಳು. “ಸಿನಿಮಾಕ್ಕ ಹಾಡು ಮಾಡ್ತಾರೇನ್ರಿ ನಿಮ್ ಮಗಳು?” ಎಂದು ಆತ ಕಿಟಕಿಯಿಂದ ಕೇಳಿದ.

“ಹಾಡಲ್ರಿ” ಎಂದರು ಅಪ್ಪ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ. “ದೋ ಬಾರ್ ಆದ ಮ್ಯಾಲ ಮಂದಿ ದಮ್ಮು ಹಿಡಿದು ನಿಲ್ತಾರಲ್ರಿ, ನನ್ನ ಮಗಳು ಅದನ್ನ ಮಾಡ್ತಾಳ.”