ಸಿಡಿಯೊಳಗೆ ಇಣುಕಿದ ಕ್ಯಾನಮ್ಮ

ಡೈರಿಯಲ್ಲಿ ಹಾಲು ಅಳೆದು ಅಳೆದೇ ತಲೆ ನರೆತವಳಿಗೆ ಬಡಾವಣೆಯವರು ಇಟ್ಟ ಹೆಸರು ಕ್ಯಾನಮ್ಮ. ಯಾರು ಎಂಥ ಕ್ಯಾನು ತಂದರೂ ಬಗ್ಗಿ, ಇಣುಕಿ, ಮೂಸಿ ನೋಡದೆ ಅದಕ್ಕೆ ಒಂದು ತೊಟ್ಟು ಹಾಲು ಸುರಿದವಳಲ್ಲ. ಸಾಲಿನಲ್ಲಿ ಯಾರಾದರೂ ಗೊಣಗಿದರೆ, "ಕುಡಿಯೋದು ನಿಮ್ಮ ಮಕ್ಕಳೇ, ಸ್ವಲ್ಪ ತಡ್ಕೊಳ್ಳಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥ ಗಟ್ಟಿಗಿತ್ತಿಗೆ ನಿವೃತ್ತಿಯಾದ ಮೇಲೆ ಒಂದು ಹಳೆಯ ಕಂಪ್ಯೂಟರು ನೀರು ಕುಡಿಸುತ್ತಿತ್ತು.

ಇದೆಲ್ಲ ಅವಳ ಅಕ್ಕನಿಗಾಗಿ. ಮದುವೆಯ ಗೋಜಿಗೇ ಹೋಗದೆ ಇಬ್ಬರೂ ಒಂದೇ ಮನೆಯಲ್ಲಿ ಜಗಳಾಡಿಕೊಂಡು ಸುಖವಾಗಿದ್ದವರು. ಅಕ್ಕನಿಗೆ ಕಾದಂಬರಿಯ ಹುಚ್ಚು. ಒಲೆ ಮೇಲಿನ ಹಾಲು ಉಕ್ಕಿ ಹರಿದರೂ ಪುಟ ಬಿಟ್ಟು ಏಳುತ್ತಿರಲಿಲ್ಲ. ಹೋದ ವರ್ಷ ಕಣ್ಣಿನ ನರ ಸೊರಗಿ ದೃಷ್ಟಿ ಪೂರ್ತಿ ಹೋಯಿತು. ಅಂದಿನಿಂದ ಹಾಸಿಗೆ ಹಿಡಿದಳು. ಮೈಗೆ ಏನೂ ಆಗಿರಲಿಲ್ಲ, ಮನಸ್ಸೇ ಮಲಗಿಬಿಟ್ಟಿತ್ತು. ಕೂತು ಓದಿ ಹೇಳುತ್ತೇನೆಂದರೆ ಬೇಡ ಎಂದಳು. ಫೋನಿನಲ್ಲಿ ಕಥೆ ಹಾಕಿಕೊಟ್ಟರೆ, "ಈ ಗಾಜಿನ ಮೇಲೆ ಬೆರಳಿಟ್ರೆ ಏನೇ ತಿಳಿಯುತ್ತೆ? ಎಲ್ಲದಕ್ಕೂ ನಿನ್ನನ್ನೇ ಕೂಗ್ಬೇಕು. ನಾನೇನು ಮೂಟೆನಾ?" ಎಂದು ಗೋಡೆಗೆ ಮುಖ ತಿರುಗಿಸಿದಳು.

ಮನೆಯಲ್ಲಿ ಹಳೆಯದೊಂದು ಸಿಡಿ ಪ್ಲೇಯರ್ ಇತ್ತು. ಅದರ ಗುಂಡಿಗಳು ದಪ್ಪ, ಮುಟ್ಟಿದರೆ ಸಾಕು ಗೊತ್ತಾಗುವಂಥವು. ಅಕ್ಕ ತಾನಾಗಿಯೇ ಒತ್ತಿ, ತಾನಾಗಿಯೇ ಕೇಳುವಂತಾದರೆ ಎದ್ದು ಕೂತಾಳು ಎಂಬ ಒಂದೇ ಆಸೆಗೆ ಕ್ಯಾನಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಾದಂಬರಿಯೊಂದರ ಮೊದಲ ಅಧ್ಯಾಯ ಓದಿ ರೆಕಾರ್ಡ್ ಮಾಡಿದಳು. ಇನ್ನು ಆ ದನಿಯನ್ನು ಕಂಪ್ಯೂಟರಿನಿಂದ ಸಿಡಿಗೆ ಬರೆಯುವುದಷ್ಟೇ ಬಾಕಿ. ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ ರಿಪೇರಿಯವನು, "ಇದೂ ನಿಮ್ಮ ಹಾಗೇ ಅಮ್ಮಾ, ವಯಸ್ಸಾದಷ್ಟೂ ಚೆನ್ನಾಗಿ ಓಡುತ್ತೆ" ಎಂದು ಹೊಗಳಿ ಹೋಗಿದ್ದ.

ಎಲ್ಲಿ ಓಡುತ್ತದೆ! ಬರೆಯುವ ಗುಂಡಿ ಒತ್ತಿದರೆ 'ಸಿಡಿ ಡ್ರೈವ್ ಬೇರೆ ಕೆಲಸದಲ್ಲಿದೆ' ಎಂಬ ಒಂದೇ ಪಾಠ. ಸಿಡಿ ಬದಲಾಯಿಸಿದಳು, ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಫೋನು ಮಾಡಿದರೆ ರಿಪೇರಿಯವನು, "ಡ್ರೈವೇ ಹೋಗಿರ್ಬೇಕಮ್ಮ, ಹೊಸದು ಈಗ ಸಿಗೋದು ಕಷ್ಟ" ಎಂದು ಕೈತೊಳೆದುಕೊಂಡ.

"ಕೆಲಸದಲ್ಲಿದೆಯಂತೆ! ಏನು ಘನಂದಾರಿ ಕೆಲಸವೋ ನಿನ್ನ ತಲೆ!" ಎಂದು ಕ್ಯಾನಮ್ಮ ಮೇಜು ಕುಟ್ಟಿದಳು.

"ಏನೇ ಅದು ರಾದ್ಧಾಂತ?" ಒಳಕೋಣೆಯಿಂದ ಅಕ್ಕ ಕೂಗಿದಳು. "ಬೆಳಗ್ಗೆಯಿಂದ ಕೇಳ್ತಿದ್ದೀನಿ. ಸಿಡಿ ಒಳಗೆ ತಳ್ತೀಯ, ಅದು ಗಿರ್ರನ್ನುತ್ತೆ, ತಕ್ಷಣ ಟಿಕ್ ಟಿಕ್ ಅಂತ ಏನೋ ಒತ್ತುತ್ತೀಯ. ಪ್ರತಿಸಲವೂ ಅದೇ. ಏನದು?"

"ಸಿಡಿ ತೆರೆದು ನೋಡ್ತೀನಿ, ಖಾಲಿ ಇದೆಯಾ ಅಂತ."

"ಹೊಸದು ತಾನೇ?"

"ಹೊಸದಾದ್ರೇನು? ನೋಡದೆ ತುಂಬೋಕಾಗುತ್ತಾ?"

"ನೋಡಿದ್ಮೇಲೆ ಮುಚ್ಚಿದ್ಯಾ?"

ಕ್ಯಾನಮ್ಮ ಪರದೆ ದಿಟ್ಟಿಸಿದಳು. ಬರೆಯುವ ಕಿಟಕಿಯ ಹಿಂದೆ, ಸಿಡಿಯೊಳಗೆ ಅವಳು ಇಣುಕಿದ ಕಿಟಕಿ ಹಾಗೇ ತೆರೆದಿತ್ತು. ಸಿಡಿಯನ್ನು ಅದೇ ಬಿಗಿಯಾಗಿ ಹಿಡಿದುಕೊಂಡಿತ್ತು. "ಇಲ್ಲ" ಎಂದಳು, ಸಣ್ಣ ದನಿಯಲ್ಲಿ.

"ಕ್ಯಾನಿನೊಳಗೆ ತಲೆ ಇಟ್ಕೊಂಡೇ ಹಾಲು ಸುರೀತೀಯೇನೇ, ಹುಚ್ಚಿ!"

ಈ ಸಲ ದನಿ ಹತ್ತಿರದಿಂದ ಬಂತು. ಕ್ಯಾನಮ್ಮ ತಿರುಗಿದರೆ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಕೂದಲು ಕೆದರಿಕೊಂಡು, ನಗುತ್ತಾ. ಎಷ್ಟು ತಿಂಗಳಾಗಿತ್ತೋ ಆ ನಗು ಕಂಡು. ಕ್ಯಾನಮ್ಮ ಹಿಂದಿನ ಕಿಟಕಿ ಮುಚ್ಚಿ ಬರೆಯುವ ಗುಂಡಿ ಒತ್ತಿದಳು. ಡ್ರೈವು ಗುಂಯ್‌ಗುಟ್ಟುತ್ತಾ ಬರೆಯತೊಡಗಿತು.

ಸಿಡಿ ಸಿದ್ಧವಾದಾಗ ಅದನ್ನು ಪ್ಲೇಯರಿಗೆ ಹಾಕಿ ಅಕ್ಕನ ಮುಂದಿಟ್ಟಳು. ಅಕ್ಕ ಬೆರಳಾಡಿಸಿ, ಗುಂಡಿ ಹುಡುಕಿ, ಒತ್ತಿದಳು. ತಂಗಿಯ ದನಿ ಕೋಣೆ ತುಂಬಿತು. ತುಸು ಹೊತ್ತು ಕೇಳಿ, ಟಪ್ಪನೆ ನಿಲ್ಲಿಸಿದಳು.

"ಅಲ್ಲ ಕಣೇ, ಇಲ್ಲಿ ಅವಳಿಗೆ ಗಂಡ ಸತ್ತ ಸುದ್ದಿ ಬಂದಿದೆ. ಬಸ್ಸು ಹೊರಟ್ಹೋಗುತ್ತೆ ಅನ್ನೋ ಹಾಗೆ ಓದ್ತೀಯಲ್ಲ! ನಾಳೆ ಎರಡನೇ ಅಧ್ಯಾಯ ಓದುವಾಗ ನಾನು ಎದುರಿಗೇ ಕೂತಿರ್ತೀನಿ. ತಪ್ಪಾದ್ರೆ ಮತ್ತೆ ಓದಿಸ್ತೀನಿ, ನೋಡು."

ನಾಳೆ ಎಂದಳು ಅಕ್ಕ. ಬೈಸಿಕೊಂಡ ಸಂತೋಷಕ್ಕೆ ಕ್ಯಾನಮ್ಮನ ಕಣ್ಣು ತುಂಬಿ ಬಂತು. ಅಕ್ಕನಿಗೆ ಹೇಗೂ ಕಾಣುವುದಿಲ್ಲವಲ್ಲ ಎಂದು ಧಾರಾಳವಾಗಿ ಅತ್ತಳು.

"ಮೂಗು ಎಳೆಯೋದು ಕೇಳುತ್ತೆ ಕಣೇ," ಎನ್ನುತ್ತಾ ಅಕ್ಕ ಮತ್ತೆ ಗುಂಡಿ ಒತ್ತಿದಳು.