ಭಾವನ ಚಕಮಕಿ ಬಂದೂಕು

ಸ್ಯಾನ್ ರಮೋನ್‌ನಲ್ಲಿ ನಮ್ಮವರ ಮನೆಗಳಲ್ಲಿ ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪುಗಳಿಗೆ ಕುಂಕುಮ ಹಚ್ಚುವುದು ವಾಡಿಕೆ. ಅಕ್ಕನ ಗಂಡನಿಗೆ ಅಷ್ಟು ಸಾಲದು. ಆಯುಧವಿಲ್ಲದೆ ಎಂಥ ಆಯುಧಪೂಜೆ ಎಂದು ಭಾವ ಆ ವರ್ಷ ಹರಾಜಿನಲ್ಲಿ ಹಳೆಯ ಬಂದೂಕೊಂದನ್ನು ತಂದರು. ಚಕಮಕಿ ಕಲ್ಲಿನ ಕಿಡಿಯಿಂದ ಗುಂಡು ಹಾರಿಸುತ್ತಿದ್ದ ಕಾಲದ್ದು, ಆದರೂ ಪ್ರತಿ ಸಲ ಮದ್ದು ತುಂಬಬೇಕಿಲ್ಲ. ಮದ್ದು, ಗುಂಡು ಎರಡೂ ಹಿಡಿಯೊಳಗೇ ಇರುತ್ತವೆ. ಪಕ್ಕದ ಲಿವರ್ ತಿರುಗಿಸಿದರೆ ಒಳಗಿನ ಉರುಳೆ ಒಂದು ಹೊಡೆತಕ್ಕೆ ಬೇಕಾದಷ್ಟನ್ನು ನಳಿಗೆಗೆ ಒಯ್ಯುತ್ತದೆ.

ಸಾಂಟಾ ಕ್ಲಾರಾದ ಆಫೀಸಿನಲ್ಲಿ ವಾಲ್ವುಗಳನ್ನು ವಿನ್ಯಾಸ ಮಾಡುವ ನನಗೆ ಆ ಉರುಳೆಗೆ ಕೈಮುಗಿಯಬೇಕೆನ್ನಿಸಿತು. ಕಿಡಿ ಹಿಂದಕ್ಕೆ ನುಸುಳಿದರೆ ಹಿಡಿಯೊಳಗಿನ ಮದ್ದೆಲ್ಲ ಮುಖದ ಪಕ್ಕದಲ್ಲೇ ಸಿಡಿಯುತ್ತದೆ. ಹಾಗಾಗಬಾರದೆಂದು ಇಟಲಿಯಲ್ಲಿ, ಆಮೇಲೆ ಲಂಡನ್ನಿನಲ್ಲಿ, ಕಸುಬುದಾರರು ತಲೆಮಾರುಗಟ್ಟಲೆ ಅರ ಹಿಡಿದು ಉಜ್ಜಿ ಕೂರಿಸಿದ ಬಿಗಿ ಅದು.

ನಮ್ಮ ಭಾವ ಪೂಜೆಗೆ ಹೊಳೆಯಲಿ ಎಂದು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಮಾಡಿದವನ ಗುರುತು ಅರ್ಧ ಅಳಿಸಿಹೋಯಿತು. ಲಿವರ್ ಬಿಗಿಯಾಯಿತೆಂದು ಉರುಳೆಗೆ ಸ್ಯಾಂಡ್‌ಪೇಪರ್ ಬೇರೆ. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟ ಹಾಗೆ.

"ಈಗ ಎಷ್ಟು ಸ್ಮೂತಾಗಿದೆ ನೋಡಮ್ಮ," ಎಂದರು. "ಶನಿವಾರ ಶೂಟಿಂಗ್ ರೇಂಜಲ್ಲಿ ಫೈರ್ ಮಾಡ್ತೀನಿ. ಫ್ರೆಂಡ್ಸನ್ನೆಲ್ಲ ಕರೆದಿದ್ದೀನಿ."

"ಭಾವ, ಒಳಗೆ ಗ್ಯಾಪು ಬಂದಿದೆ. ಫೈರ್ ಮಾಡಿದ್ರೆ ನಿಮ್ಮ ಮುಖಾನೇ ಹೋಗುತ್ತೆ."

"ವಿಡಿಯೋ ಎಲ್ಲ ನೋಡಿದ್ದೀನಿ, ಬಿಡು."

ಪಕ್ಕದಲ್ಲಿದ್ದ ಅಕ್ಕ ಎಂದಿನಂತೆ ತಲೆಯಾಡಿಸಿ ಅಡುಗೆಮನೆಗೆ ಹೋದಳು. ಗಂಡ ಹಾಕಿದ ತಾಳಕ್ಕೆ ಕುಣಿಯುವವಳೆಂದು ನನಗೆ ಅವಳ ಮೇಲೂ ತಾತ್ಸಾರವೇ.

ಪೂಜೆಯ ದಿನ ಭಾವ ಮಂತ್ರ ಹೇಳುತ್ತಿದ್ದರು. ಅಕ್ಕ ಬಂದೂಕಿಗೆ ಪಂಚಾಮೃತದ ಅಭಿಷೇಕ ಮಾಡಿದಳು. ಹಾಲು, ಮೊಸರು, ತುಪ್ಪ ನೆಪಕ್ಕೆ ಒಂದೊಂದು ಚಮಚ. ಸಕ್ಕರೆ, ಜೇನುತುಪ್ಪ ಮಾತ್ರ ಧಾರಾಳ, ಅದೂ ಲಿವರಿನ ಸಂದಿಗೇ. ಭಾವ ಮಂತ್ರ ನಿಲ್ಲಿಸಲಾರದೆ ಕಣ್ಣುಕಣ್ಣು ಬಿಟ್ಟರು. ಶನಿವಾರದ ಹೊತ್ತಿಗೆ ಅಂಟು ಗಟ್ಟಿಯಾಗಿ ಲಿವರ್ ಒಂದಿಷ್ಟೂ ಅಲುಗಲಿಲ್ಲ. "ಬುದ್ಧಿ ಇದೆಯಾ ನಿಂಗೆ?" ಎಂದು ಭಾವ ಬಂದಿದ್ದ ಸ್ನೇಹಿತರ ಎದುರಿಗೇ ಅವಳನ್ನು ಬೈದರು. ಅವಳು ತಲೆ ತಗ್ಗಿಸಿ ಕಾಫಿ ಕೊಟ್ಟಳು.

ಎಲ್ಲರೂ ಹೋದ ಮೇಲೆ ಕೇಳಿದೆ. "ಬೇಕಂತಲೇ ಮಾಡಿದ್ಯಾ?"

ಅಕ್ಕ ಲೋಟ ತೊಳೆಯುತ್ತಲೇ ಹೇಳಿದಳು. "ಬೈಸ್ಕೊಂಡು ಅಭ್ಯಾಸ ಇದೆ ಕಣೆ. ವಿಧವೆಯಾಗಿ ಅಭ್ಯಾಸ ಇಲ್ಲ."